ಆರ್‌ಡಿ 350 ಎಂಜಿನ್ ಮಾರುವ ಮುಂಚೆ: ಅಸಲಿತನ ನೋಡುವುದು, ಬೆಲೆ ಕಟ್ಟುವುದು ಹೇಗೆ?

ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತ ರಾಜದೂತ್ 350 ಎಂಜಿನ್‌ನ ಫೋಟೊವನ್ನು ಯಾವುದಾದರೂ ಬೈಕ್ ಗ್ರೂಪಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆಲ್ಲ ಫೋನ್ ಬರಲು ಶುರು. "ಸರ್, ಇವತ್ತೇ ಬರ್ತೀನಿ, ಕ್ಯಾಶ್ ತರ್ತೀನಿ, ಬೇರೆಯವ್ರಿಗೆ ಹೇಳ್ಬೇಡಿ." ಇಷ್ಟು ಅವಸರ ಮಾಡುವವರಿಗೆ ಆ ಎಂಜಿನ್ ಏನು, ಎಷ್ಟು ಬಾಳುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಮಾರುವವರಿಗೆ ಮಾತ್ರ ಗೊತ್ತಿರುವುದಿಲ್ಲ. ಅಪ್ಪನದೋ ಮಾವನದೋ ಗಾಡಿ, ಜಾಗ ಖಾಲಿಯಾದರೆ ಸಾಕು ಅನ್ನುವ ಮನಸ್ಸು. ಹಾಗೆ ಕೊಟ್ಟವರು ಎರಡು ಕಡೆ ಕಳೆದುಕೊಳ್ಳುತ್ತಾರೆ: ಹಣ ಒಂದು, ದಾಖಲೆ ಇನ್ನೊಂದು. ಕೊಡುವ ಮುಂಚೆ ಏನೇನು ನೋಡಬೇಕು ಅಂತ ಹೇಳುವುದಕ್ಕೇ ಈ ಲೇಖನ.

ಮೊದಲು ಇದು ಯಾಕೆ ವಿಶೇಷ ಅಂತ ಎರಡು ಮಾತು. ಯಮಹಾದ ಆರ್‌ಡಿ 350 ಹೊರದೇಶಗಳಲ್ಲಿ 1973ರಿಂದ ಓಡಿದ ಗಾಡಿ. ನಮ್ಮಲ್ಲಿ ಅದನ್ನು ಎಸ್ಕಾರ್ಟ್ಸ್ ಕಂಪನಿ ಯಮಹಾದ ಪರವಾನಗಿ ಪಡೆದು ರಾಜದೂತ್ 350 ಅನ್ನುವ ಹೆಸರಲ್ಲಿ 1983ರಿಂದ ತಯಾರಿಸಿತು. ಆ ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೂ ಮುಗಿಯಿತು. ಎರಡು ಸಿಲಿಂಡರ್, ಟೂ ಸ್ಟ್ರೋಕ್, ಗಾಳಿಯಿಂದ ತಣಿಯುವ 347 ಸಿಸಿ ಎಂಜಿನ್, ಆರು ಗೇರ್. ಮೊದಲು ಬಂದದ್ದು ಎಚ್‌ಟಿ (ಹೈ ಟಾರ್ಕ್), ಅದರ ಶಕ್ತಿ 30.5 ಬಿಎಚ್‌ಪಿ. ಆಮೇಲೆ ಬಂದದ್ದು ಎಲ್‌ಟಿ (ಲೋ ಟಾರ್ಕ್), 27 ಬಿಎಚ್‌ಪಿ. ಅದೇ ಕಾಲದ ಬುಲೆಟ್ 350 ಕೊಡುತ್ತಿದ್ದದ್ದು 18. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್ 16. ಜನ ಇದನ್ನು ಯಾಕೆ ಇನ್ನೂ ಹುಡುಕುತ್ತಾರೆ ಅನ್ನುವುದು ಈ ಅಂಕಿಗಳಲ್ಲೇ ಗೊತ್ತಾಗುತ್ತದೆ ಅಲ್ವಾ? ಆ ಕಾಲಕ್ಕೆ ದುಬಾರಿ, ಪೆಟ್ರೋಲ್ ಕುಡಿಯುತ್ತಿತ್ತು, ಹಾಗಾಗಿ ಮಾರಾಟವೂ ಕಡಿಮೆಯೇ. ಇವತ್ತು ಸಿಗುವುದು ಕಷ್ಟವಾಗಿರುವುದಕ್ಕೆ ಅದೂ ಒಂದು ಕಾರಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಎಂಜಿನ್‌ನ ಅರ್ಧ ಬೆಲೆ ಲೋಹದಲ್ಲಿದೆ, ಇನ್ನರ್ಧ ಅದರ ಮೇಲಿನ ನಂಬರ್‌ನಲ್ಲಿ ಮತ್ತು ಆ ನಂಬರ್‌ಗೆ ಸೇರಿದ ಕಾಗದದಲ್ಲಿದೆ. ಚಾಸಿ, ಆರ್‌ಸಿ, ಎಂಜಿನ್ ಮೂರೂ ನಿಮ್ಮ ಹತ್ತಿರವೇ ಇದ್ದರೆ ದಯವಿಟ್ಟು ಬೇರೆ ಮಾಡಬೇಡಿ. ಒಟ್ಟಿಗೆ ಮಾರಿ. ಒಮ್ಮೆ ಬೇರೆಯಾದರೆ ಅವು ಮತ್ತೆ ಸೇರುವುದು ತೀರಾ ಅಪರೂಪ.

1. ಏನನ್ನೂ ಉಜ್ಜಬೇಡಿ

ಮಾರುವ ಯೋಚನೆ ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಎಂಜಿನ್ ಹೊಳೆಯುವಂತೆ ಮಾಡುವುದು. ಬಫಿಂಗ್‌ಗೆ ಕೊಡುತ್ತಾರೆ, ಸಿಲ್ವರ್ ಪೇಂಟ್ ಹೊಡೆಸುತ್ತಾರೆ. ತಿಳಿದ ಗಿರಾಕಿ ಹೊಸ ಪೇಂಟ್ ಕಂಡರೆ ಅನುಮಾನಪಡುತ್ತಾರೆ. ಅದರ ಕೆಳಗೆ ಬಿರುಕಿದೆಯೋ, ಅಲ್ಯೂಮಿನಿಯಂ ವೆಲ್ಡಿಂಗ್ ಇದೆಯೋ ಅಂತ ಹುಡುಕುತ್ತಾರೆ. ಬಫಿಂಗ್ ಚಕ್ರ ನಂಬರ್ ಇರುವ ಜಾಗಕ್ಕೆ ತಾಗಿದರಂತೂ ಮುಗಿಯಿತು. ಆ ಅಕ್ಷರಗಳ ಅಂಚು ಸವೆದರೆ ಅಸಲಿ ನಂಬರ್ ಕೂಡ ನಕಲಿಯ ಹಾಗೆ ಕಾಣುತ್ತದೆ.

ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಟೂತ್‌ಬ್ರಷ್, ಬನಿಯನ್ ವೇಸ್ಟ್. ಇಷ್ಟೇ ಸಾಕು. ತಂತಿ ಬ್ರಷ್, ಎಮರಿ ಪೇಪರ್ ಹತ್ತಿರ ತರಬೇಡಿ. ತೊಳೆಯುವ ಮುಂಚೆ ಇನ್‌ಟೇಕ್, ಸೈಲೆನ್ಸರ್ ತೂತುಗಳಿಗೆ ಬಟ್ಟೆ ತುರುಕಿ. ಪ್ಲಗ್‌ಗಳು ಅಲ್ಲೇ ಇರಲಿ. ಕೊಳೆ ತೆಗೆಯುವ ಮುಂಚೆ ಒಂದು ಸುತ್ತು, ತೆಗೆದ ಮೇಲೆ ಒಂದು ಸುತ್ತು ಫೋಟೊ ತೆಗೆಯಿರಿ. ವರ್ಷಗಟ್ಟಲೆ ಕೂತ ಕೊಳೆಯೇ ಈ ಎಂಜಿನ್ ಈಚೆಗೆ ಯಾರೂ ಬಿಚ್ಚಿಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

2. ನಂಬರ್ ಓದುವುದು

ಇಲ್ಲಿ ನಿಧಾನ ಮಾಡಿ. ಉಳಿದ ಎಲ್ಲ ಪರೀಕ್ಷೆಗಿಂತ ಇದು ಮುಖ್ಯ.

ಆರ್‌ಡಿಯ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಬುಡದ ಎರಕದ ಡಬ್ಬ, ಅಡ್ಡಕ್ಕೆ ಸೀಳಿದ ಎರಡು ಭಾಗ: ಮೇಲಿನದು, ಕೆಳಗಿನದು. ಎಂಜಿನ್ ನಂಬರ್ ಹೊಡೆದಿರುವುದು ಮೇಲಿನ ಭಾಗದ ಮೇಲೆ. ಚಾಸಿ ನಂಬರ್ ಹ್ಯಾಂಡಲ್ ತಿರುಗುವ ಕುತ್ತಿಗೆಯ ಕೊಳವೆಯಲ್ಲಿ. ಬ್ಯಾಟರಿ ಟಾರ್ಚನ್ನು ನಂಬರ್ ಮೇಲೆ ನೇರವಾಗಿ ಹಿಡಿಯಬೇಡಿ. ಪಕ್ಕದಿಂದ, ಮೇಲ್ಮೈಗೆ ತಾಗಿದಂತೆ ಓರೆಯಾಗಿ ಬೆಳಕು ಬಿಡಿ. ಆಗ ಅಕ್ಷರಗಳ ಆಳ, ಅಂಚು, ಸುತ್ತಲಿನ ಮೈ ಎಲ್ಲ ಎದ್ದು ಕಾಣುತ್ತವೆ.

ಏನು ನೋಡಬೇಕು? ಅಲ್ಯೂಮಿನಿಯಂ ಮೆತ್ತನೆ ಲೋಹ. ಪಂಚ್ ಹೊಡೆದಾಗ ಪಕ್ಕಕ್ಕೆ ಸರಿದ ಲೋಹ ಅಕ್ಷರದ ಸುತ್ತ ಸಣ್ಣ ದಿಣ್ಣೆಯಂತೆ ಏಳುತ್ತದೆ. ನಲವತ್ತು ವರ್ಷದ ನಂಬರ್ ಆದರೆ ಆ ದಿಣ್ಣೆ ಸವೆದು ನಯವಾಗಿರುತ್ತದೆ, ಅಕ್ಷರದ ತಳದಲ್ಲಿ ಎಣ್ಣೆ ಕೊಳೆ ಕಪ್ಪಾಗಿ ಕೂತಿರುತ್ತದೆ, ಸುತ್ತಲಿನ ಮೈ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಈಚೆಗೆ ಹೊಡೆದದ್ದಾದರೆ ತಳ ಬೆಳ್ಳಗೆ ಮಿನುಗುತ್ತದೆ. ಉಗುರು ಆಡಿಸಿದರೆ ಅಂಚು ಚುಚ್ಚುತ್ತದೆ. ಹಳೇ ನಂಬರ್ ಅಳಿಸಲು ಗ್ರೈಂಡರ್ ಹಿಡಿದಿದ್ದರೆ ಆ ಜಾಗ ಮಾತ್ರ ಸಮತಟ್ಟಾಗಿ, ಒಂದೇ ದಿಕ್ಕಿನ ಗೀರುಗಳಿಂದ ತುಂಬಿರುತ್ತದೆ. ಅಕ್ಕಪಕ್ಕದ ಎರಕದ ಒರಟು ಅಲ್ಲಿ ಇರುವುದಿಲ್ಲ. ವೆಲ್ಡಿಂಗ್‌ನಲ್ಲಿ ತುಂಬಿ ಮತ್ತೆ ಹೊಡೆದಿದ್ದರೆ ಬಣ್ಣದ ಛಾಯೆಯೇ ಬೇರೆ, ಚಿಕ್ಕ ಚಿಕ್ಕ ಗಾಳಿ ಗುಳಿಗಳೂ ಕಾಣಬಹುದು. ಅಂಕಿಗಳ ಆಕಾರ ಒಂದೇ ಥರ ಇದೆಯಾ, ಸಾಲು ನೆಟ್ಟಗಿದೆಯಾ, ಒಂದು ಅಂಕಿ ಮಾತ್ರ ಆಳವಾಗಿದೆಯಾ ಅಂತಲೂ ಗಮನಿಸಿ. ಮೂರನ್ನು ಎಂಟು ಮಾಡುವುದು, ಒಂದನ್ನು ಏಳು ಮಾಡುವುದು ತುಂಬ ಹಳೆಯ ಕೈಚಳಕ.

ಆಮೇಲೆ ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ತೆಳು ಬಿಳಿ ಕಾಗದ ಇಟ್ಟು, ಮೆತ್ತನೆ ಪೆನ್ಸಿಲ್‌ನ ಸೀಸವನ್ನು ಮಲಗಿಸಿ ಹಗುರವಾಗಿ ಉಜ್ಜಿದರೆ ನಂಬರ್ ಮೂಡುತ್ತದೆ. ಆರ್‌ಟಿಒ, ಇನ್ಶೂರೆನ್ಸ್ ಕೆಲಸಕ್ಕೆ ಎಷ್ಟೋ ವರ್ಷ ಇದನ್ನೇ ಕೇಳುತ್ತಿದ್ದರು. ಫೋಟೊದಲ್ಲಿ ಕಾಣದ ತಿದ್ದುಪಡಿ ಎಷ್ಟೋ ಸಲ ಪ್ರಿಂಟ್‌ನಲ್ಲಿ ಕಂಡುಬಿಡುತ್ತದೆ, ಯಾಕೆಂದರೆ ಕಾಗದ ಬಣ್ಣಕ್ಕೆ ಮೋಸಹೋಗುವುದಿಲ್ಲ, ಆಳವನ್ನಷ್ಟೇ ತೋರಿಸುತ್ತದೆ. ಎರಡು ಪ್ರಿಂಟ್ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ.

ನಂಬರ್ ಇಲ್ಲದ ಕ್ರ್ಯಾಂಕ್‌ಕೇಸ್ ಸಿಕ್ಕರೆ ಕೂಡಲೇ ಕಳ್ಳಮಾಲು ಅನ್ನಬೇಡಿ. ಸ್ಪೇರ್ ಆಗಿ ಮಾರುತ್ತಿದ್ದ ಕೇಸ್‌ಗಳ ಮೇಲೆ ನಂಬರ್ ಇರುತ್ತಿರಲಿಲ್ಲ. ಒಡೆದ ಕೇಸ್ ಬದಲಿಸಿ ಹಳೇ ನಂಬರ್ ಹೊಡೆಸಿಕೊಂಡವರೂ ಇದ್ದಾರೆ. ಅದಕ್ಕೆ ಆರ್‌ಟಿಒ ದಾಖಲೆ ಇದ್ದರೆ ಸರಿ. ದಾಖಲೆ ಇಲ್ಲದೆ ಬಾಯಿಮಾತು ಮಾತ್ರ ಇದ್ದರೆ, ಅದನ್ನು ಬರೀ ಸ್ಪೇರ್ ಪಾರ್ಟ್ ಅಂತ ಲೆಕ್ಕ ಹಾಕಿ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಕ್ರ್ಯಾಂಕ್‌ಕೇಸಿನ ಎರಡು ಭಾಗಗಳನ್ನು ಕಾರ್ಖಾನೆಯಲ್ಲಿ ಜೋಡಿಸಿಕೊಂಡೇ ಬೇರಿಂಗ್ ಜಾಗ ಕೊರೆಯುತ್ತಾರೆ. ಹಾಗಾಗಿ ಅವು ಜೋಡಿ. ಒಂದು ಎಂಜಿನ್‌ನ ಮೇಲ್ಭಾಗ, ಇನ್ನೊಂದರ ಕೆಳಭಾಗ ಸೇರಿಸಿದರೆ ಬೋಲ್ಟ್ ಕೂರುತ್ತದೆ, ಎಂಜಿನ್ನೂ ಓಡುತ್ತದೆ. ಆದರೆ ಬೇರಿಂಗ್‌ಗಳು ಸರಿಯಾಗಿ ಕೂರದೆ ಬೇಗ ಹೋಗುತ್ತವೆ. ಎರಡು ಭಾಗ ಸೇರುವ ಗೆರೆಯ ಉದ್ದಕ್ಕೂ ಬೆರಳು ಆಡಿಸಿ. ಎಲ್ಲಾದರೂ ಮೆಟ್ಟಿಲು ಸಿಕ್ಕರೆ, ಎರಡರ ಬಣ್ಣ ಬೇರೆ ಇದ್ದರೆ, ಗಮ್ ಅತಿಯಾಗಿ ಉಕ್ಕಿ ಒಣಗಿದ್ದರೆ ಅನುಮಾನಪಡಿ.

3. ಕಾಗದ ಹೊಂದಿಸುವುದು

ಆರ್‌ಸಿ ಬುಕ್ ಇದ್ದರೆ ಅದರಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಪೆನ್ಸಿಲ್ ಪ್ರಿಂಟ್ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಹಳೇ ಆರ್‌ಸಿಗಳಲ್ಲಿ ಕೈಬರಹ, ಟೈಪಿಂಗ್ ತಪ್ಪು ಎರಡೂ ಇರುತ್ತವೆ. ಒಂದು ಅಂಕಿ ಹೆಚ್ಚುಕಮ್ಮಿ ಇದ್ದರೆ ಗಾಬರಿ ಬೇಡ. ಆರ್‌ಟಿಒದಲ್ಲಿ ಆ ಗಾಡಿಯ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಕರ್ನಾಟಕದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾಗದ. ಕಚೇರಿಯ ರಿಜಿಸ್ಟರ್‌ನಲ್ಲಿ ಏನಿದೆ ಅನ್ನುವುದು ಅದರಲ್ಲಿ ಬರುತ್ತದೆ. ಕೆಎ ಸರಣಿಗೂ ಮುಂಚಿನ ಹಳೇ ನಂಬರ್‌ಗಳಾದರೆ ದಾಖಲೆ ಕಂಪ್ಯೂಟರ್‌ಗೆ ಏರದೆ ರಿಜಿಸ್ಟರ್ ಪುಸ್ತಕದಲ್ಲೇ ಉಳಿದಿರಬಹುದು. ಸ್ವಲ್ಪ ಓಡಾಟ ಇರುತ್ತದೆ. ಆದರೂ ಈ ಓಡಾಟ ಮಾಡಿ. ಬಿ ಎಕ್ಸ್‌ಟ್ರಾಕ್ಟ್ ಕೈಯಲ್ಲಿರುವ ಮಾರಾಟಗಾರರ ಜೊತೆ ಗಿರಾಕಿ ಚೌಕಾಸಿ ಮಾಡುವ ರೀತಿಯೇ ಬೇರೆ.

ಎಂಜಿನ್ ನಿಮಗೆ ಎಲ್ಲಿಂದಲೋ ಬಂದದ್ದಾದರೆ, ಉದಾಹರಣೆಗೆ ಗುಜರಿಯಿಂದ, ಸ್ನೇಹಿತರಿಂದ, ಮುಚ್ಚಿದ ಗ್ಯಾರೇಜಿನಿಂದ ತಂದದ್ದಾದರೆ, ಕಳುವಾದ ಗಾಡಿಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 'ವಾಹನ ಸಮನ್ವಯ' ಸೇವೆಯಲ್ಲಿ ಎಂಜಿನ್ ನಂಬರ್ ಅಥವಾ ಚಾಸಿ ನಂಬರ್ ಹಾಕಿ, ಪೊಲೀಸ್ ದಾಖಲೆಯಲ್ಲಿ ಕಳುವು ಅಂತ ಇದೆಯಾ ನೋಡಬಹುದು. ಕಳ್ಳಮಾಲು ಅಂತ ಗೊತ್ತಿದ್ದೂ, ಅಥವಾ ಗೊತ್ತಾಗುವಷ್ಟು ಕಾರಣ ಇದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ನಂಬರ್ ತಿದ್ದಿದ ಎಂಜಿನ್ ಗೊತ್ತಿದ್ದೂ ಮಾರಿದರೆ ಮುಂದೆ ಅದನ್ನು ಕೂರಿಸಿಕೊಂಡವರು ಪೊಲೀಸ್ ಠಾಣೆಯಲ್ಲಿ ಮೊದಲು ಹೇಳುವುದು ನಿಮ್ಮ ಹೆಸರನ್ನೇ.

ಗಿರಾಕಿ ಎಂಜಿನ್ ತಗೊಂಡು ತನ್ನ ಗಾಡಿಗೆ ಹಾಕಿಕೊಳ್ಳುತ್ತಾನೆ ಅನ್ನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಇದೆ. ಬೇರೆ ನಂಬರ್‌ನ ಎಂಜಿನ್ ಕೂತರೆ ಅದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕೆ ನಿಮ್ಮಿಂದ ರಸೀದಿ ಬೇಕಾಗುತ್ತದೆ. ನಿಮ್ಮ ಕಡೆ ಉಳಿದ ಚಾಸಿಯ ಕಥೆಯೂ ಇದೆ. ಗಾಡಿ ಇನ್ನು ಓಡುವುದೇ ಇಲ್ಲ ಅಂತಾದರೆ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಎಂಜಿನ್ ಮಾರಿ ಆರ್‌ಸಿಯನ್ನು ಬೀರುವಿನಲ್ಲಿ ಇಟ್ಟುಕೊಂಡವರು ಬೇಕಾದಷ್ಟು ಜನ. ಆ ಬರೀ ಆರ್‌ಸಿ ಕೇಳಿಕೊಂಡು ಬರುವವರೂ ಇದ್ದಾರೆ. ಅವರಿಗೆ ಯಾವ ಕಾರಣಕ್ಕೂ ಕೊಡಬೇಡಿ. ಬೇರೆ ಗಾಡಿಗೆ ನಿಮ್ಮ ನಂಬರ್ ಹೊಡೆಯುವುದಕ್ಕೇ ಅದು ಬಳಕೆಯಾಗುವುದು.

ಇನ್ನು ಮುಂದಿನ ದಿನಗಳ ಲೆಕ್ಕ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನೋಂದಣಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1983ರ ರಾಜದೂತ್‌ಗೆ 50 ತುಂಬುವುದು 2033ರಲ್ಲಿ. ಹುಟ್ಟಿನ ಎಂಜಿನ್ ಇಟ್ಟುಕೊಂಡ ಗಾಡಿಗೂ ಬದಲಿ ಎಂಜಿನ್ ಗಾಡಿಗೂ ಇರುವ ಅಂತರ ಮುಂದೆ ಇನ್ನೂ ಜಾಸ್ತಿಯಾಗುತ್ತದೆ ಅಂತ ನನಗೆ ಅನ್ನಿಸುವುದು ಇದಕ್ಕೇ. ಒಟ್ಟಿಗೆ ಮಾರಿ ಅಂತ ಮೊದಲೇ ಹೇಳಿದ್ದಕ್ಕೂ ಇದು ಒಂದು ಕಾರಣ.

4. ಬಿಚ್ಚದೆ ಆಗುವ ಪರೀಕ್ಷೆ

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಹೋಗಿ ಕಿಕ್ ಹೊಡೆಯಬೇಡಿ. ರಿಂಗ್ ತುಕ್ಕು ಹಿಡಿದು ಗೋಡೆಗೆ ಅಂಟಿದ್ದರೆ ಒಂದೇ ಏಟಿಗೆ ಬೋರ್ (ಸಿಲಿಂಡರ್‌ನ ಒಳಮೈ) ಗೀರಿಹೋಗುತ್ತದೆ. ಎರಡೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಸ್ವಲ್ಪ ಟೂ ಟಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಎಡಗಡೆ ಕವರ್ ತೆಗೆದು ಮ್ಯಾಗ್ನೆಟ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಸಲೀಸಾಗಿ ಸುತ್ತಿದರೆ ಮುಂದಿನದು. ಸಿಕ್ಕಿಹಾಕಿಕೊಂಡರೆ ಬಲ ಹಾಕಬೇಡಿ, ಹೆಡ್ ಬಿಚ್ಚಿಯೇ ನೋಡಬೇಕು.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಯಾವ ಒಳ್ಳೆಯ ಮೆಕ್ಯಾನಿಕ್ ಹತ್ತಿರವೂ ಇರುತ್ತದೆ. ಎರಡೂ ಪ್ಲಗ್ ಬಿಚ್ಚಿ, ಕ್ಯಾಪ್ ಹಾಕಿ ಹೆಡ್‌ಗೆ ತಾಗಿಸಿಡಿ. ಒಂದು ತೂತಿಗೆ ಗೇಜ್. ಆಕ್ಸಿಲರೇಟರ್ ಪೂರ್ತಿ ತೆರೆದು ಹಿಡಿದು, ಸೂಜಿ ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಆಮೇಲೆ ಇನ್ನೊಂದು ಸಿಲಿಂಡರ್. ಇಲ್ಲಿ ಮುಖ್ಯ ಆಗುವುದು ಎರಡರ ನಡುವಿನ ಅಂತರ. ಶೇ 10ಕ್ಕಿಂತ ಜಾಸ್ತಿ ಅಂತರ ಬಂದರೆ ಒಂದು ಕಡೆ ಏನೋ ಹೋಗಿದೆ. ಒಟ್ಟು ಅಂಕಿ ಹೋಲಿಸುವಾಗ ಊರನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಅದೇ ಎಂಜಿನ್, ಅದೇ ಗೇಜ್, ಆದರೂ ಬೆಂಗಳೂರಿನಲ್ಲಿ ಕಡಿಮೆ ತೋರಿಸುತ್ತದೆ. ಕರಾವಳಿಯ ಗಿರಾಕಿ "ಕಂಪ್ರೆಷನ್ ಕಮ್ಮಿ ಇದೆ" ಅಂತ ಬೆಲೆ ಇಳಿಸಲು ಬಂದರೆ ಈ ಮಾತು ನೆನಪಿರಲಿ.

ಟೂ ಸ್ಟ್ರೋಕ್‌ನಲ್ಲಿ ಕಂಪ್ರೆಷನ್‌ಗಿಂತ ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿದೆ, ಗಾಳಿ ಸೋರುತ್ತದಾ ನೋಡುವುದು. ಈ ಎಂಜಿನ್ ಕ್ರ್ಯಾಂಕ್‌ಕೇಸ್ ಮೂಲಕ ಉಸಿರಾಡುತ್ತದೆ. ಕ್ರ್ಯಾಂಕ್‌ನ ತುದಿಗಳಲ್ಲಿರುವ ರಬ್ಬರ್ ಸೀಲ್ ಹೋದರೆ ಎರಡು ಥರದ ತೊಂದರೆ. ಬಲಗಡೆ ಕ್ಲಚ್ ಇರುವ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಎಡಗಡೆ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಬೆರೆತು ಪೆಟ್ರೋಲ್ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಜಾಮ್. ಎರಡನೆಯದು ಹೊರಗೆ ಏನೂ ಕಾಣದೆ ನಡೆಯುತ್ತದೆ, ಅದಕ್ಕೇ ಅಪಾಯ.

ಇದನ್ನು ನೋಡಲು ದುಬಾರಿ ಸಾಮಾನು ಬೇಡ. ಬಿಪಿ ನೋಡುವ ಸಾಧನದ ರಬ್ಬರ್ ಬಲ್ಬು, ಡಯಲ್ ಸಾಕು. ಪ್ಲಗ್‌ಗಳನ್ನು ವಾಪಸ್ ಹಾಕಿ, ಎರಡೂ ಸೈಲೆನ್ಸರ್ ಬಾಯಿ, ಎರಡೂ ಕಾರ್ಬುರೇಟರ್ ಕೂರುವ ಜಾಗ ದಪ್ಪ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿ. ಆಟೋಲ್ಯೂಬ್ (ಎಂಜಿನ್‌ಗೆ ತಾನಾಗಿ ಎಣ್ಣೆ ಕಳಿಸುವ ಪಂಪ್) ಎಣ್ಣೆ ಬರುವ ಸಣ್ಣ ತೂತುಗಳನ್ನೂ ಮುಚ್ಚಿ. ಒಂದು ರಬ್ಬರ್ ಮುಚ್ಚಳದಲ್ಲಿ ಸಣ್ಣ ಕೊಳವೆ ತೂರಿಸಿ ಗಾಳಿ ತುಂಬಿ. ಡಯಲ್ 260ರ ಹತ್ತಿರ ಬಂದರೆ ಸುಮಾರು 5 ಪಿಎಸ್‌ಐ. ಅದಕ್ಕಿಂತ ಮೇಲೆ ಹೋಗಬೇಡಿ, ಸರಿ ಇರುವ ಸೀಲ್ ಹೊರಗೆ ತಳ್ಳಿಕೊಂಡು ಬರುತ್ತದೆ. ಕೆಲವು ನಿಮಿಷ ನೋಡಿ. ಸೂಜಿ ಮೆಲ್ಲಗೆ ಒಂದಿಷ್ಟು ಇಳಿದರೆ ಪರವಾಗಿಲ್ಲ. ಸರ್ರನೆ ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿಂದ ಬರುತ್ತದೆ ಹುಡುಕಿ. ಎರಡು ಸಿಲಿಂಡರ್‌ಗಳ ನಡುವೆ ಕ್ರ್ಯಾಂಕ್ ಮಧ್ಯದಲ್ಲಿರುವ ಸೀಲ್ ಪೂರ್ತಿ ಬಿಗಿ ಅಲ್ಲ, ಅದರ ರಚನೆಯೇ ಹಾಗೆ. ಅದಕ್ಕೇ ಎರಡೂ ಕಡೆ ಒಟ್ಟಿಗೆ ಮುಚ್ಚಿ ಪರೀಕ್ಷಿಸಬೇಕು. ಈ ಪರೀಕ್ಷೆಯ ವಿಡಿಯೊ ಮಾಡಿಟ್ಟುಕೊಳ್ಳಿ. ಮಾರುವಾಗ ಇದನ್ನು ತೋರಿಸುವವರು ತೀರಾ ಕಡಿಮೆ. ಹಾಗಾಗಿ ತೋರಿಸಿದವರ ಮೇಲೆ ನಂಬಿಕೆ ಕೂಡಲೇ ಹುಟ್ಟುತ್ತದೆ.

ಗೇರ್ ನೋಡಲು ಒಬ್ಬರು ಕ್ರ್ಯಾಂಕ್ ತಿರುಗಿಸುತ್ತಿರಲಿ, ಇನ್ನೊಬ್ಬರು ಆರೂ ಗೇರ್ ಒಂದೊಂದಾಗಿ ಹಾಕಲಿ. ಮುಂದಿನ ಸ್ಪ್ರಾಕೆಟ್ ಪ್ರತಿ ಗೇರಿಗೂ ಬೇರೆ ವೇಗದಲ್ಲಿ ತಿರುಗಬೇಕು.

5. ಮೇಲಿನ ಭಾಗ ಬಿಚ್ಚಬೇಕಾ?

ಎಂಜಿನ್ ಸರಿಯಾಗಿ ಓಡುತ್ತಿದ್ದರೆ ಬಿಚ್ಚಬೇಡಿ. ಕಾರ್ಖಾನೆಯ ಗ್ಯಾಸ್ಕೆಟ್ ಇನ್ನೂ ಹಾಗೇ ಇರುವ ಎಂಜಿನ್‌ಗೆ ಪ್ರತ್ಯೇಕ ಗಿರಾಕಿಗಳೇ ಇದ್ದಾರೆ. ಓಡದ ಎಂಜಿನ್ ಆದರೆ ಹೆಡ್, ಬ್ಯಾರೆಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಮಾತ್ರ ಬಿಚ್ಚಿ ನೋಡಿಸಿ. ಆರ್‌ಡಿಯಲ್ಲಿ ಪ್ರತಿ ಸಿಲಿಂಡರ್‌ಗೂ ಬೇರೆ ಹೆಡ್, ಬೇರೆ ಬ್ಯಾರೆಲ್. ಹಾಗಾಗಿ ಕೆಲಸ ಸುಲಭ. ಕ್ರ್ಯಾಂಕ್‌ಕೇಸ್ ಮಾತ್ರ ತೆರೆಯಬೇಡಿ.

ಬೋರ್‌ನ ಹುಟ್ಟಿನ ಅಳತೆ 64 ಮಿಲಿಮೀಟರ್, ಸ್ಟ್ರೋಕ್ 54. ಪಿಸ್ಟನ್ ನೆತ್ತಿಯ ಮೇಲೆ 25, 50, 75, 100 ಅನ್ನುವ ಗುರುತಿದ್ದರೆ ಬೋರ್ ಮಾಡಿಸಿ ಅಷ್ಟು ದೊಡ್ಡದು ಮಾಡಿದ್ದಾರೆ. 25 ಅಂದರೆ 0.25 ಮಿಲಿಮೀಟರ್ ದೊಡ್ಡದು, 100 ಅಂದರೆ 1 ಮಿಲಿಮೀಟರ್. ಗುರುತೇ ಇಲ್ಲದ, ಅಳತೆಯೂ 64ರ ಆಸುಪಾಸಿನಲ್ಲೇ ಇರುವ ಬ್ಯಾರೆಲ್ ಸಿಕ್ಕರೆ ಅದು ನಿಜಕ್ಕೂ ಅಪರೂಪ, ಮುಂದೆ ನಾಲ್ಕು ಸಲ ಬೋರ್ ಮಾಡಿಸುವಷ್ಟು ಆಯುಷ್ಯ ಅದರಲ್ಲಿದೆ. ಒಳ್ಳೆಯ ಲೇತ್‌ನವರ ಹತ್ತಿರ ಡಯಲ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಸ್ಲೀವ್ (ಬ್ಯಾರೆಲ್ ಒಳಗಿನ ಕೊಳವೆ) ಹಾಕಿದ್ದರೆ ಗಾಳಿ, ಹೊಗೆ ಓಡಾಡುವ ಕಿಂಡಿಗಳ ಒಳಗೆ ಬೆರಳು ಹಾಕಿ ನೋಡಿ. ಸ್ಲೀವ್‌ನ ಕಿಂಡಿ ಮತ್ತು ಅಲ್ಯೂಮಿನಿಯಂನ ಕಿಂಡಿ ಸರಿಯಾಗಿ ಕೂಡಿಲ್ಲದಿದ್ದರೆ ಅಂಚು ತಗಲುತ್ತದೆ.

ಎಚ್‌ಟಿಯೋ ಎಲ್‌ಟಿಯೋ ಅನ್ನುವ ಪ್ರಶ್ನೆ ಬರುವುದು ಇಲ್ಲೇ. ಎಲ್ಲರೂ ತಮ್ಮದು ಎಚ್‌ಟಿ ಅನ್ನುತ್ತಾರೆ. ಸೈಲೆನ್ಸರ್ ನೋಡಿ ನಂಬಬೇಡಿ, ಅದು ಒಂದು ಗಂಟೆಯಲ್ಲಿ ಬದಲಾಗುತ್ತದೆ. ಬ್ಯಾರೆಲ್ ಕೂಡ ಬದಲಾಗುತ್ತದೆ. ಬ್ಯಾರೆಲ್ ಮೇಲಂಚಿನಿಂದ ಸೈಲೆನ್ಸರ್ ಕಿಂಡಿಯ ಮೇಲಂಚಿನವರೆಗೆ ವರ್ನಿಯರ್‌ನಲ್ಲಿ ಅಳೆದು, ಖಾತ್ರಿ ಇರುವ ಇನ್ನೊಂದು ಗಾಡಿಯ ಅಳತೆ ಜೊತೆ ಹೋಲಿಸುವುದೇ ಸರಿಯಾದ ದಾರಿ. ಎಡ ಬಲದ ಅಳತೆ ಒಂದೇ ಇರಬೇಕು. ಕಿಂಡಿಯ ಒಳಗೆ ಗ್ರೈಂಡರ್ ಗೀರು ಇದ್ದರೆ ಯಾರೋ ಟ್ಯೂನ್ ಮಾಡಿದ್ದಾರೆ. ಚೆನ್ನೈ ಹತ್ತಿರದ ಶೋಲಾವರಂ ಟ್ರ್ಯಾಕಿನಲ್ಲಿ ಓಡಿದ, ಡರ್ಟ್ ಟ್ರ್ಯಾಕ್‌ಗೆ ತಯಾರಾದ ಎಂಜಿನ್‌ಗಳು ಹೀಗಿರುತ್ತವೆ. ಆ ಇತಿಹಾಸಕ್ಕೆ ಫೋಟೊ, ಸರ್ಟಿಫಿಕೇಟ್ ಇದ್ದರೆ ಬೆಲೆ ಏರುತ್ತದೆ. ಸಾಕ್ಷಿ ಇಲ್ಲದಿದ್ದರೆ ಅದನ್ನು ಹಾಳಾದ ಬ್ಯಾರೆಲ್ ಅಂತಲೇ ಎಣಿಸುತ್ತಾರೆ.

ಬ್ಯಾರೆಲ್ ಎತ್ತಿದಾಗ ಕಾನ್‌ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆಯಿರಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಡಿದರೆ ಸಹಜ. ಮೇಲೆ ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಕೆಲಸ ಇದೆ. ಇದರ ಕ್ರ್ಯಾಂಕ್ ತುಂಡು ತುಂಡಾಗಿ ಪ್ರೆಸ್‌ನಲ್ಲಿ ಕೂರಿಸಿದ್ದು. ಬಿಚ್ಚಿ ಕೂರಿಸಿ ನೆಟ್ಟಗೆ ಮಾಡುವುದು ಪಳಗಿದ ಕೈಗೆ ಮಾತ್ರ ಆಗುವ ಕೆಲಸ. ಖರ್ಚಿನಲ್ಲಿ ದೊಡ್ಡದೂ ಇದೇ.

6. ಜೊತೆಗಿರುವ ಸಾಮಾನು

ಆಟೋಲ್ಯೂಬ್ ಪಂಪ್ ಇದೆಯಾ? ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಕಿತ್ತು ಪೆಟ್ರೋಲ್‌ಗೇ ಎಣ್ಣೆ ಬೆರೆಸುವಂತೆ ಮಾಡಿದ್ದಾರೆ. ಕಾರ್ಬುರೇಟರ್ ಮೇಲೆ ಮಿಕುನಿ ಗುರುತಿದೆಯಾ, ಎರಡೂ ಒಂದೇ ಜೋಡಿಯಾ? ರೀಡ್ ವಾಲ್ವ್‌ನ (ಕಾರ್ಬುರೇಟರ್ ಕಡೆಯಿಂದ ಒಳಗೆ ಮಾತ್ರ ಬಿಡುವ ಕವಾಟ) ತಗಡನ್ನು ಬೆಳಕಿಗೆ ಹಿಡಿದರೆ ಸಂದು ಕಾಣುತ್ತಾ? ಪ್ಲಗ್‌ಗೆ ಕಿಡಿ ಕೊಡಿಸುವ ಹಳೆಯ ಪಾಯಿಂಟ್ ಸೆಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿದ್ದರೆ ಹಳೆಯದು ಎಲ್ಲಿ? ಮನೆಯ ಅಟ್ಟ, ಹಳೇ ಡಬ್ಬ, ಗೋಣಿಚೀಲ ಎಲ್ಲ ಹುಡುಕಿ. ಕಿತ್ತು ಎಸೆದ ಏರ್ ಬಾಕ್ಸ್, ಹಳೇ ಸೈಲೆನ್ಸರ್, ಕಂಪನಿ ಕವರ್ ಸಿಕ್ಕಿದರೆ ತೊಳೆದು ಜೊತೆಗಿಡಿ. ಅಪ್ಪನ ಕಾಲದ ಸರ್ವಿಸ್ ಬಿಲ್‌ಗಳನ್ನೂ ಎಸೆಯಬೇಡಿ.

7. ಬೆಲೆ ಕಟ್ಟುವುದು

ಜಾಲದಲ್ಲಿ ಕಾಣುವುದು ಕೇಳುವ ರೇಟು. ನಿಮಗೆ ಬೇಕಾದದ್ದು ಕೊಟ್ಟ ರೇಟು. ಈಚೆಗೆ ನಿಜವಾಗಿ ಮಾರಾಟವಾದ ಎಂಜಿನ್‌ಗಳ ಬಗ್ಗೆ ಎರಡು ಮೂರು ಕಡೆ ಕೇಳಿ: ಆರ್‌ಡಿ ಕೆಲಸವನ್ನೇ ಮಾಡುವ ಮೆಕ್ಯಾನಿಕ್, ಗಾಡಿ ಇಟ್ಟುಕೊಂಡವರ ಕ್ಲಬ್, ಹಳೇ ಸ್ಪೇರ್ ಮಾರುವ ಅಂಗಡಿ. ಆದರೆ ನಿಮ್ಮ ಎಂಜಿನ್ ಕೊಳ್ಳಲು ಮನಸ್ಸಿರುವವರಿಂದಲೇ ಬೆಲೆ ಕಟ್ಟಿಸಬೇಡಿ.

ನಾನು ಮಾಡುವ ಲೆಕ್ಕ ಹೀಗೆ. ಮೊದಲು ತಳದ ಬೆಲೆ: ಬಿಡಿಬಿಡಿಯಾಗಿ ಮಾರಿದರೆ ಕ್ರ್ಯಾಂಕ್‌ಕೇಸ್ ಜೋಡಿ, ಬ್ಯಾರೆಲ್, ಹೆಡ್, ಗೇರ್, ಕಾರ್ಬುರೇಟರ್‌ಗೆ ಒಟ್ಟು ಎಷ್ಟು ಬರುತ್ತದೆ? ಅದಕ್ಕಿಂತ ಕೆಳಗೆ ಇಳಿಯಬೇಡಿ. ಆಮೇಲೆ ಮೇಲಿನ ಬೆಲೆ: ಇಂಥದ್ದೇ ಎಂಜಿನ್, ಶುದ್ಧ ನಂಬರ್, ಎಲ್ಲ ಸಾಮಾನು, ಚೆನ್ನಾಗಿ ಓಡುವುದು ಎಷ್ಟಕ್ಕೆ ಹೋಗಿದೆ? ಅದರಿಂದ ಖರ್ಚುಗಳನ್ನು ಕಳೆಯುತ್ತಾ ಬನ್ನಿ. ಸುಮ್ನೆ ಲೆಕ್ಕ ಅರ್ಥವಾಗಲಿ ಅಂತ ಮೇಲಿನ ಬೆಲೆ 1 ಲಕ್ಷ ಅಂದುಕೊಳ್ಳಿ. ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜಿನಲ್ಲಿ ಕ್ರ್ಯಾಂಕ್ ಕೆಲಸ 20 ಸಾವಿರ, ಬೋರ್ ಮತ್ತು ಪಿಸ್ಟನ್ 10 ಸಾವಿರ, ಇಲ್ಲದ ಪಂಪ್ 5 ಸಾವಿರ ಅಂದರೆ ಉಳಿದದ್ದು 65 ಸಾವಿರ. ಕೆಲಸ ಮಾಡಿಸುವ ತಲೆನೋವಿಗೆ ಗಿರಾಕಿ ಇನ್ನೊಂದಿಷ್ಟು ಕೇಳುತ್ತಾರೆ, ಅದು ನ್ಯಾಯವೇ. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಈ ಜಾಗಕ್ಕೆ ಹಾಕಿಕೊಳ್ಳಿ.

ಕಳೆಯಲು ಆಗದ ಒಂದು ವಿಷಯ ಇದೆ, ಅದು ತಿದ್ದಿದ ನಂಬರ್. ಅದಕ್ಕೆ ರಿಪೇರಿ ಖರ್ಚು ಅಂತ ಇಲ್ಲ. ಕ್ರ್ಯಾಂಕ್‌ಕೇಸ್ ಮಾರದೆ ಪಕ್ಕಕ್ಕಿಟ್ಟು, ಉಳಿದದ್ದರ ಬೆಲೆ ಮಾತ್ರ ನೋಡಿ.

ಮಾರುವ ಮುಂಚೆ ರಿಪೇರಿ ಮಾಡಿಸಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಈ ಎಂಜಿನ್ ಕೊಳ್ಳುವವರಿಗೆ ತಮ್ಮದೇ ಮೆಕ್ಯಾನಿಕ್ ಇರುತ್ತಾರೆ, ತಮಗೆ ಬೇಕಾದ ಪಿಸ್ಟನ್ ಇರುತ್ತದೆ. ನೀವು ಹಾಕಿದ ಹಣ ಅಷ್ಟೂ ವಾಪಸ್ ಬರುವುದು ಕಷ್ಟ. ಸೀಲ್ ಹೋಗಿದೆ ಅಂತ ಗೊತ್ತಾದರೆ ಹಾಗಂತಲೇ ಜಾಹೀರಾತಿನಲ್ಲಿ ಬರೆಯಿರಿ.

8. ಕೈ ಬದಲಾಗುವಾಗ

ನಂಬರ್‌ನ ಪೂರ್ತಿ ಫೋಟೊ ಜಾಲದಲ್ಲಿ ಹಾಕಬೇಡಿ, ಕೊನೆಯ ಮೂರು ಅಂಕಿ ಮುಚ್ಚಿ. ನೋಡಲು ಬಂದ ಗಿರಾಕಿಗೆ ತಣ್ಣಗಿರುವ ಎಂಜಿನ್ ತೋರಿಸಿ, ಅವರೇ ಕೈಯಿಟ್ಟು ನೋಡಲಿ, ಅವರೇ ಕಿಕ್ ಹೊಡೆಯಲಿ.

ಎಂಜಿನ್ ಮಾತ್ರ ಕೊಡುತ್ತಿದ್ದರೆ ಸ್ಟಾಂಪ್ ಪೇಪರ್ ಮೇಲೆ ಎಂಜಿನ್ ನಂಬರ್, ಅದು ಯಾವ ಗಾಡಿಯದು, ಇಬ್ಬರ ಹೆಸರು ವಿಳಾಸ, ದಿನಾಂಕ, ಹೊತ್ತು, ಕೊಟ್ಟ ಹಣ ಬರೆದು ಸಹಿ ಮಾಡಿ. ಪೆನ್ಸಿಲ್ ಪ್ರಿಂಟ್ ಒಂದನ್ನು ಅದಕ್ಕೇ ಅಂಟಿಸಿ ಅದರ ಮೇಲೂ ಇಬ್ಬರ ಸಹಿ ಹಾಕಿಸಿ. ಹಣ ಬ್ಯಾಂಕ್ ಮೂಲಕವೇ ಬರಲಿ. ಇಡೀ ಗಾಡಿ ಕೊಡುತ್ತಿದ್ದರೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30 ಆಗಬೇಕು, ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28ರ ಎನ್‌ಒಸಿ. ಖಾಲಿ ಫಾರ್ಮ್‌ಗೆ ಸಹಿ ಮಾಡಿ ಕೊಟ್ಟು "ನೀವೇ ಮಾಡಿಸ್ಕೊಳ್ಳಿ" ಅನ್ನುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಗಾಡಿ ನಿಮ್ಮದೇ, ಅದು ಮಾಡುವ ಅಪಘಾತಕ್ಕೂ ನಿಮ್ಮ ಹೆಸರೇ.

ಪಾರ್ಸೆಲ್ ಲಾರಿಗೆ ಹಾಕುವುದಾದರೆ ಕಾರ್ಬುರೇಟರ್‌ನ ಪೆಟ್ರೋಲ್, ಗೇರ್ ಆಯಿಲ್ ಪೂರ್ತಿ ಇಳಿಸಿ. ತೂತುಗಳನ್ನೆಲ್ಲ ಮುಚ್ಚಿ. ಕಾರ್ಬುರೇಟರ್ ಬಿಚ್ಚಿ ಬೇರೆ ಡಬ್ಬದಲ್ಲಿ ಇಡಿ, ಅದು ಎದ್ದು ನಿಂತಿರುವುದರಿಂದ ಮೊದಲು ಮುರಿಯುವುದು ಅದೇ. ಬ್ಯಾರೆಲ್‌ನ ರೆಕ್ಕೆಗಳ ಮೇಲೆ ಭಾರ ಬೀಳದ ಹಾಗೆ ಎಂಜಿನ್ ಕೂರುವ ಬೋಲ್ಟ್ ತೂತುಗಳಿಂದಲೇ ಮರದ ಪೆಟ್ಟಿಗೆಯ ತಳಕ್ಕೆ ಬಿಗಿಯಿರಿ. ಮುಚ್ಚಳಕ್ಕೆ ಮೊಳೆ ಹೊಡೆಯುವ ಮುಂಚೆ ನಂಬರ್ ಕಾಣುವಂತೆ ಒಂದು ಫೋಟೊ ತೆಗೆದು, ಲಾರಿ ರಸೀದಿಯ ಫೋಟೊ ಜೊತೆ ಗಿರಾಕಿಗೆ ಕಳಿಸಿ.